ವಕೀಲರ ಕಾರಿಗೆ ಎಷ್ಟು ಹಲ್ಲು

ಗ್ಯಾರೇಜಿನ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಗಿರಾಕಿ ಕೇಳಿದ್ದನ್ನು ಹಾಕಬೇಡಿ. ಅವನು ಎಲ್ಲಿಗೆ ಹೋಗುತ್ತಾನೆ, ಯಾರನ್ನು ಕೂರಿಸಿಕೊಂಡು ಹೋಗುತ್ತಾನೆ ಎಂದು ಕೇಳಿ. ಆಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯಿರಿ. ಇದನ್ನು ಕಲಿಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ನೀವು ಅಷ್ಟು ದಿನ ಹಾಳು ಮಾಡಬೇಡಿ.

ನನಗೆ ಓದು ಬರಹ ಅಷ್ಟಕ್ಕಷ್ಟೇ. ಅಕ್ಷರ ಕಲಿತದ್ದು ಕೂದಲು ನೆರೆತ ಮೇಲೆ. ಅದಕ್ಕೇ ಇದರಲ್ಲಿ ದೊಡ್ಡ ಮಾತು ಹುಡುಕಬೇಡಿ, ಸಿಗುವುದಿಲ್ಲ.

ಗ್ಯಾರೇಜಿಗೆ ನಾನು ಆಸೆಪಟ್ಟು ಹೋದವಳಲ್ಲ. ರಾಯಚೂರಿನಲ್ಲಿ ನನ್ನ ಗಂಡನ ಚಿಕ್ಕಪ್ಪನ ಗ್ಯಾರೇಜ್ ಇತ್ತು. ಊರಿಗೆಲ್ಲ ಅವರು ಚಾಚಾ. ನನ್ನ ಗಂಡ ಅಲ್ಲಿ ಮಿಸ್ತ್ರಿ. ಅವನಿಗೆ ಬೆನ್ನು ನೋವು. ಜೀಪು ಬಂದರೆ ನೋವು, ಲಾರಿ ಬಂದರೆ ಇನ್ನಷ್ಟು ನೋವು, ಊಟದ ಡಬ್ಬಿ ಬಂದರೆ ನೋವು ಮಾಯ. ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ದಿನ ಚಾಚಾ ಮನೆಗೇ ಬಂದು, "ಬೆನ್ನು ಇಲ್ಲದವನನ್ನ ನಾ ಏನ್ ಮಾಡ್ಲಿ? ನೀನರ ಬಾ ಮಾಬೂಬಿ, ಸಾಮಾನು ತೊಳಿ" ಎಂದರು. ಹೋದೆ. ಸೀಮೆಎಣ್ಣೆಯ ಡಬ್ಬಿಯ ಮುಂದೆ ಕುಳಿತೆ. ಗ್ರೀಸು ಮೆತ್ತಿದ ಚಕ್ರ, ಬೇರಿಂಗು, ನಟ್ಟು, ಬೋಲ್ಟು, ಎಲ್ಲವನ್ನೂ ತೊಳೆದು ಗೋಣಿತಟ್ಟಿನ ಮೇಲೆ ಸಾಲಾಗಿ ಇಡುವುದು ನನ್ನ ಕೆಲಸ.

ಹೆಂಗಸು ಗ್ಯಾರೇಜಿನಲ್ಲಿ ಕುಳಿತಿದ್ದಾಳಂತೆ ಎಂದು ಮೊದಮೊದಲು ಜನ ನೋಡಲು ಬರುತ್ತಿದ್ದರು. ಬಂದವರ ಕೈಗೆ ಲಾರಿಯ ಟಯರು ಕೊಟ್ಟು, "ಅಣ್ಣಾ, ಸ್ವಲ್ಪ ಹಿಡ್ಕೋ" ಎನ್ನುತ್ತಿದ್ದೆ. ಮರುದಿನ ಬರುತ್ತಿರಲಿಲ್ಲ.

ಗ್ಯಾರೇಜಿನ ಕಿಟಕಿಯ ಕೆಳಗೆ ಒಂದು ದೊಡ್ಡ ಚಪ್ಪಡಿ, ಪರಸಿ ಕಲ್ಲು, ಇತ್ತು. ಗಾಡಿಯ ಹಿಂದಿನ ಆಕ್ಸಲ್ ಬಿಚ್ಚಿದರೆ ಒಳಗಿನ ಹಲ್ಲಿನ ಚಕ್ರಗಳನ್ನು ಅದರ ಮೇಲೆ ಇಟ್ಟು ಕೂಡಿಸುತ್ತಿದ್ದರು. ಅದು ಚಾಚಾರ ಜಾಗ. ಬೇರೆ ಯಾರೂ ಅಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಏಳು ವರ್ಷ ತೊಳೆದ ಮೇಲೆ ನನಗೆ ಬೇಕಾಗಿದ್ದು ಅದೊಂದೇ. ಆ ಕಲ್ಲಿನ ಮುಂದೆ ಕುಳಿತು ಆ ಕೆಲಸ ಮಾಡಬೇಕು. ಯಾಕೆ ಎಂದರೆ, ಆ ಚಕ್ರಗಳ ಒಂದೊಂದು ಹಲ್ಲನ್ನೂ ತಿಕ್ಕಿದವಳು ನಾನು. ಯಾವ ಗಾಡಿಯದು ಎಲ್ಲಿ ಸವೆದಿದೆ, ಯಾವುದು ಜೋಡಿಯಲ್ಲದ ಸುಳ್ಳು ಸೆಟ್ಟು ಎಂದು ಚಾಚಾನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಂಜಿನ್ನಿನ ಕಡೆಯಿಂದ ಒಂದು ಉದ್ದ ಶಾಫ್ಟು ತಿರುಗುತ್ತ ಹಿಂದಕ್ಕೆ ಬರುತ್ತದೆ. ಅದರ ತುದಿಯಲ್ಲಿ ಸಣ್ಣ ಹಲ್ಲಿನ ಚಕ್ರ ಇರುತ್ತದೆ, ಅದು ಪಿನಿಯನ್. ಅದು ತಾಟಿನಷ್ಟು ದೊಡ್ಡ ಚಕ್ರವನ್ನು ತಿರುಗಿಸುತ್ತದೆ, ಅದು ಕ್ರೌನ್. ಎರಡೂ ಸೇರಿದರೆ ಒಂದು ಸೆಟ್ಟು. ಕ್ರೌನಿಗೆ ನಲವತ್ತೊಂದು ಹಲ್ಲು, ಪಿನಿಯನ್ನಿಗೆ ಒಂಬತ್ತು ಹಲ್ಲು ಇದ್ದರೆ ಗಾಲಿ ಒಂದು ಸುತ್ತು ಉರುಳಲು ಶಾಫ್ಟು ಸುಮಾರು ನಾಲ್ಕೂವರೆ ಸುತ್ತು ತಿರುಗಬೇಕು. ಈಗಿನವರು ಇದಕ್ಕೆ ರೇಷಿಯೋ ಎನ್ನುತ್ತಾರೆ. ನಾವು ಸುತ್ತು ಎನ್ನುತ್ತಿದ್ದೆವು. ಸುತ್ತು ಹೆಚ್ಚು ಇದ್ದರೆ ಎಳೆಯುವ ಜೋರು ಹೆಚ್ಚು. ಸುತ್ತು ಕಡಿಮೆ ಇದ್ದರೆ ಓಟ ಹೆಚ್ಚು, ಆದರೆ ಎಂಜಿನ್ನಿಗೆ ಎಳೆಯುವ ತಾಕತ್ತು ಇರಬೇಕು. ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಏರು ಹತ್ತುವವಳು ಸಣ್ಣ ಸಣ್ಣ ಹೆಜ್ಜೆ ಇಡುತ್ತಾಳೆ. ಬರಿಗೈಯಲ್ಲಿ ಬಯಲಲ್ಲಿ ಹೋಗುವವಳು ದಾಪುಗಾಲು ಹಾಕುತ್ತಾಳೆ. ಕೊಡ ಹೊತ್ತು ದಾಪುಗಾಲು ಹಾಕಿದರೆ ಕೊಡ ಒಡೆಯುತ್ತದೆ. ಇಷ್ಟೇ ವಿದ್ಯೆ.

ಇಷ್ಟೇ ವಿದ್ಯೆಯಲ್ಲಿ ನಾನು ಮಾಡಿದ ಮೊದಲ ಎಡವಟ್ಟನ್ನೂ ಕೇಳಿ. ಆಕ್ಸಲ್ ಬಿಚ್ಚದೆ ಒಳಗೆ ಯಾವ ಸೆಟ್ಟಿದೆ ಎಂದು ತಿಳಿಯಲು ಒಂದು ದಾರಿಯಿದೆ. ಟಯರಿಗೂ ಶಾಫ್ಟಿಗೂ ಸುಣ್ಣದ ಗೆರೆ ಹಾಕಿ, ಗಾಲಿಯನ್ನು ತಿರುಗಿಸಿ, ಶಾಫ್ಟಿನ ಸುತ್ತು ಎಣಿಸುವುದು. ಕಲ್ಮಲದ ರೈತರೊಬ್ಬರ ಜೀಪು ಬಂದಿತ್ತು. ನಮ್ಮಲ್ಲಿದ್ದದ್ದು ಒಂದೇ ಜಾಕು. ಒಂದು ಗಾಲಿ ಎತ್ತಿದೆ, ಒಂದು ಸುತ್ತು ತಿರುಗಿಸಿದೆ, ಎಣಿಸಿದೆ.

"ಚಾಚಾ, ಎರಡೂವರಿ ಸುತ್ತು."

ಚಾಚಾ ಚಹಾದ ಬಸಿ ಕೆಳಗಿಟ್ಟರು. "ಎರಡೂವರಿ? ಹಂಗಾರ ಇದು ಜೀಪಲ್ಲ, ವಿಮಾನ. ಕಲ್ಮಲಕ್ಕ ಹೋಗಂಗಿಲ್ಲ, ಮುಂಬೈಗೆ ಹೋಗ್ತದ!"

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಒಂದು ಗಾಲಿ ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದರೆ, ಎತ್ತಿದ ಗಾಲಿಯ ಒಂದು ಸುತ್ತು ಒಳಗಿನ ಕ್ರೌನಿಗೆ ಅರ್ಧ ಸುತ್ತು ಮಾತ್ರ. ಒಂದೇ ಜಾಕು ಇದ್ದವರು ಗಾಲಿಯನ್ನು ಎರಡು ಸುತ್ತು ತಿರುಗಿಸಬೇಕು. ಅಂದಿನಿಂದ ಒಂದು ವರ್ಷ ನನ್ನ ಹೆಸರು "ವಿಮಾನ" ಆಯಿತು. ಆ ಹೆಸರು ಹೋದದ್ದು ವಕೀಲರ ಕಾರು ಬಂದ ಮೇಲೆ.

ಅಮರೇಶಪ್ಪ ವಕೀಲರು ಮಾನ್ವಿಯವರು. ದಿನಾ ಮಾನ್ವಿಯಿಂದ ರಾಯಚೂರಿನ ಕೋರ್ಟಿಗೆ ಬಿಳಿ ಅಂಬಾಸಡರ್ ಕಾರಿನಲ್ಲಿ ಬರುತ್ತಿದ್ದರು. ಕಾರಿನ ಹುಚ್ಚು. ಜೋರು ಹೆಚ್ಚಲೆಂದು ಹೈದರಾಬಾದಿಗೆ ಹೋಗಿ ಎಂಜಿನ್ನಿಗೆ ಎರಡು ಕಾರ್ಬೊರೇಟರ್ ಕೂಡಿಸಿಕೊಂಡು, ಹೆಡ್ಡು ತಿಕ್ಕಿಸಿಕೊಂಡು ಬಂದಿದ್ದರು. ಮೀಸೆಯೂ ಹಾಗೆಯೇ, ಎರಡು ಕಡೆ ಎರಡು ಕಾರ್ಬೊರೇಟರ್ ಇಟ್ಟಂತೆ. ಅವರ ಹೆಂಡತಿ ಗೌರಮ್ಮನ ತವರು ದೇವದುರ್ಗ. ಅಲ್ಲಿ ಗೌರಮ್ಮನ ತಮ್ಮ ಶರಣಪ್ಪನಿಗೆ ಹತ್ತಿ ಗಿರಣಿ ಇತ್ತು, ಹೊಸ ಸಣ್ಣ ಕಾರು ಇತ್ತು, ಬಾಯಿ ದೊಡ್ಡದಿತ್ತು. ತವರಿನ ಯಾವುದೋ ತೊಟ್ಟಿಲ ಕಾರ್ಯದಲ್ಲಿ ಎಲ್ಲರ ಮುಂದೆ ಅವನು, "ಮಾವಾ, ನಿಮ್ಮ ಕಾರಿನ ಮುಂದ ಎತ್ತು ಕಟ್ಟೀರಿ, ಹಿಂದ ಕಟ್ಟೀರಿ?" ಎಂದು ಕೇಳಿದ. ಮಾತು ಬೆಳೆಯಿತು. ಕಲ್ಮಲದ ಕ್ರಾಸಿನಿಂದ ದೇವದುರ್ಗದ ಬಸ್ ಸ್ಟ್ಯಾಂಡಿನವರೆಗೆ ಪಂದ್ಯ. ಸೋತವರು ಮೀಸೆ ಬೋಳಿಸಬೇಕು ಎಂದಾಯಿತು.

ಗೌರಮ್ಮ ಒಂದು ಕರಾರು ಹಾಕಿದಳು. "ಎರಡೂ ಕಾರಿನಾಗ ಮನಿ ಮಂದಿ ಸೇರಿ ನಾಕು ನಾಕು ಜನ ಕೂಡಬೇಕು. ಖಾಲಿ ಕಾರು ಬಿಟ್ರ ನೀವು ಹುಚ್ಚರಂಗ ಓಡಿಸ್ತೀರಿ. ಒಬ್ಬಾಂವ ನನ್ನ ಗಂಡ, ಒಬ್ಬಾಂವ ನನ್ನ ತಮ್ಮ. ಮೀಸಿ ಯಾರದು ಹೋದ್ರೂ ಮಾರಿ ನೋಡಬೇಕಾದಾಕಿ ನಾನು."

ವಕೀಲರು ಸೀದಾ ನಮ್ಮಲ್ಲಿಗೆ ಬಂದರು. "ಚಾಚಾ, ಹಿಂದಿನ ಹಲ್ಲು ಬದಲಿ ಮಾಡ್ರಿ. ಸ್ಪೀಡಿನವು ಹಾಕ್ರಿ."

ಇದ್ದದ್ದು ನಲವತ್ತೊಂದು-ಒಂಬತ್ತು. ಬಿಚ್ಚುವ ಮೊದಲು ಆಕ್ಸಲಿನ ಸದ್ದು ಕೇಳಲು ಚಾಚಾ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ವಕೀಲರ ಜೊತೆ ಕಳಿಸಿದರು. ಕಿವಿ ನನ್ನದು ಚುರುಕು. ಕೈಯಲ್ಲಿ ತಸ್ಬಿ ಇತ್ತು, ಜಪಮಾಲೆಯಂಥದ್ದು. ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಮಣಿ ಸರಿಸುವುದು ನನಗೆ ರೂಢಿ. ಸುಮ್ಮನೆ ಕುಳಿತುಕೊಳ್ಳಲು ಬೇಜಾರಾಗಿ, ಸ್ಪೀಡಿನ ಮೀಟರಿನ ಮುಳ್ಳು ತೊಂಬತ್ತರಲ್ಲಿ ನಿಂತಾಗ ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದರವರೆಗೆ ಎಣಿಸಿದೆ. ನಲವತ್ತು ಮಣಿ.

ಚಾಚಾ ಸ್ಪೀಡಿನ ಸೆಟ್ಟು ಹಾಕಿದರು. ನಲವತ್ತಮೂರು-ಹತ್ತು. ಸುತ್ತು ಕಡಿಮೆ. ವಕೀಲರು ಕುಣಿಯುತ್ತ ಹೋದರು, ಎರಡು ದಿನಕ್ಕೆ ತಿರುಗಿ ಬಂದರು.

"ಚಾಚಾ, ಏನ್ ಮಾಡೀರಿ ಇದನ್ನ? ಮಾನ್ವಿ ರಸ್ತಾದಾಗ ಎದುರು ಗಾಳಿ ಬಂದ್ರ ಟಾಪ್ ಗೇರಿನಾಗ ಎಳೆಯಂಗಿಲ್ಲ, ಥರ್ಡಿಗೆ ಹಾಕಬೇಕು. ನಿಂತಲ್ಲಿಂದ ಎಬ್ಬಿಸಬೇಕಂದ್ರ ಕ್ಲಚ್ಚು ಸುಟ್ಟ ವಾಸನಿ. ನಮ್ಮ ಮನಿಯಾಕಿ, ರೊಟ್ಟಿ ಹೊತ್ತಿತೇನ್ರಿ ಅಂದ್ಲು."

ಚಾಚಾ ಎಂಜಿನ್ನಿನ ಮೇಲೆ ತಪ್ಪು ಹಾಕಿದರು. ವಕೀಲರು ಚಾಚಾನ ಮೇಲೆ ಹಾಕಿದರು. ನಾನು ಸೀಮೆಎಣ್ಣೆಯಲ್ಲಿ ಕೈ ಇಟ್ಟುಕೊಂಡೇ ಹೇಳಿದೆ, "ಸುತ್ತು ಹೆಚ್ಚು ಮಾಡಬೇಕ್ರಿ, ಕಡಿಮಿ ಅಲ್ಲ. ಮೂವತ್ತೊಂಬತ್ತು-ಎಂಟು ಹಾಕಬೇಕು."

"ವಿಮಾನ ಮಾತಾಡ್ತು," ಎಂದರು ಚಾಚಾ. "ಸುತ್ತು ಹೆಚ್ಚಾದ್ರ ಓಟ ಕಡಿಮಿ ಆಗ್ತದ. ಪಂದ್ಯಾ ಓಡೋದಕ್ಕೋ, ಕಟ್ಟಿಗಿ ಎಳೆಯೋದಕ್ಕೋ?"

ಬಾಯಲ್ಲಿ ಹೇಳಿದರೆ ಕೇಳುವ ಮನುಷ್ಯ ಅಲ್ಲ. ನನ್ನ ಅಕ್ಕನನ್ನು ಜಾಲಹಳ್ಳಿಗೆ ಕೊಟ್ಟಿತ್ತು, ದೇವದುರ್ಗ ದಾಟಿ ಹೋಗಬೇಕು. ಮರುದಿನ ಅಕ್ಕನನ್ನು ನೋಡುವ ನೆಪ ಮಾಡಿ ಬಸ್ಸು ಹತ್ತಿದೆ. ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತೆ. ಕಲ್ಮಲ ದಾಟಿದ ಮೇಲೆ ಡ್ರೈವರ್ ಟಾಪ್ ಗೇರಿನಿಂದ ಕೆಳಗಿಳಿದಾಗಲೆಲ್ಲ ಒಂದು ಮಣಿ ಸರಿಸಿದೆ. ಎಮ್ಮೆ ಬಂತು, ಒಂದು ಮಣಿ. ಹತ್ತಿ ಬಂಡಿ, ಒಂದು. ಮೋರಿ, ಕುರಿ, ಊರ ಬಾವಿಯ ಮುಂದಿನ ಹೆಂಗಸರು, ಏರು, ತಿರುವು, ಮತ್ತೆ ಕುರಿ. ಕಂಡಕ್ಟರ್ ಎರಡು ಸಲ ನನ್ನ ಕೈ ನೋಡಿದ. ಕೊನೆಗೆ ತಡೆಯಲಾರದೆ, "ಯವ್ವಾ, ನಮ್ಮ ಡ್ರೈವರ್ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನು? ಹತ್ತಿದಾಗಿಂದ ದೇವರನ್ನ ಕರಿಯಾಕತ್ತೀದಿ!" ಎಂದ.

ದೇವದುರ್ಗ ಬರುವಷ್ಟರಲ್ಲಿ ನೂರು ಮಣಿಯ ಒಂದು ಸುತ್ತು ಮುಗಿದು ಇಪ್ಪತ್ತೇಳು ಮೇಲಾಗಿತ್ತು.

ಮರಳಿ ಬಂದು ಚಾಚಾನ ಮುಂದೆ ತಸ್ಬಿ ಇಟ್ಟೆ. "ನೂರಾ ಇಪ್ಪತ್ತೇಳು ಸಲ ಗಾಡಿ ಸಾವಕಾಶ ಆಗಿ ಮತ್ತ ಎದ್ದದ. ನೀವು ಬಯಲು ರಸ್ತಾದ ಓಟ ಲೆಕ್ಕ ಹಾಕೀರಿ. ಆ ಕಡಿ ಬಯಲು ರಸ್ತಾ ಎಲ್ಲಿ ಅದ? ಗೆಲ್ಲೋದು ಓಡಾಂವ ಅಲ್ಲ ಚಾಚಾ, ಲಗೂನ ಏಳಾಂವ. ಮ್ಯಾಲ ನಾಕು ಮಂದಿ ಕೂಡ್ತಾರ."

ಚಾಚಾ ಬೀಡಿ ಹೊಸಕಿ ಎಸೆದರು. ಆಮೇಲೆ, ಕಾರು ಕೇಳಲು ಬಂದ ವಕೀಲರ ಎದುರೇ ಹೇಳಿದರು, "ಆತು. ನಿನ್ನ ಸೆಟ್ಟೇ ಹಾಕು, ನಿನ್ನ ಕೈಲೇ ಹಾಕು. ಇದು ಸರಿಬಂದ್ರ ಆ ಪರಸಿ ಕಲ್ಲು ನಿನ್ನದು. ಸರಿಬರಲಿಲ್ಲಂದ್ರ ಸಾಯೋತನಕ ತೊಳಿಬೇಕು, ಹಲ್ಲಿನ ಮಾತು ಎತ್ತಂಗಿಲ್ಲ."

ವಕೀಲರು ಮೀಸೆ ಮುಟ್ಟಿಕೊಂಡರು. "ಚಾಚಾ, ನೀವು ಪಂದ್ಯಾ ಕಟ್ಟಾಕತ್ತಿದ್ದು ನನ್ನ ಮೀಸಿ ಮ್ಯಾಲ, ನೆನಪಿರ್ಲಿ."

ಆ ಸೆಟ್ಟು ಕೂಡಿಸಲು ನನಗೆ ಮೂರು ದಿನ ಹಿಡಿಯಿತು. ಪಿನಿಯನ್ ಕೂದಲೆಳೆಯಷ್ಟು ಒಳಗೆ ಹೋದರೂ ಗೊಂಯ್ ಎನ್ನುತ್ತದೆ, ಹೊರಗೆ ಬಂದರೂ ಗೊಂಯ್ ಎನ್ನುತ್ತದೆ. ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತದೆ ಎಂದು ನೋಡಲು ಬಣ್ಣ ಹಚ್ಚಬೇಕು. ಅಂಗಡಿಯ ಬಣ್ಣ ಮುಗಿದಿತ್ತು. ಮನೆಯಿಂದ ಅರಿಶಿನ ತಂದು ಗ್ರೀಸಿನಲ್ಲಿ ಕಲಸಿ ಹಚ್ಚಿದೆ. ತಿರುಗಿಸಿದರೆ ತಾಗಿದ ಕಡೆ ಅರಿಶಿನ ಅಳಿಸಿ ಕಬ್ಬಿಣ ಕಾಣುತ್ತದೆ. ಹಲ್ಲಿನ ನಡುವೆ ಅವರೆ ಬೇಳೆಯಷ್ಟು ಗುರುತು ಬಂದರೆ ಸರಿ. ಆಮೇಲಾಮೇಲೆ ಅಳತೆಗೆ ಮುಳ್ಳಿನ ಗೇಜು ಬಂತು, ಚಿತ್ರದ ಪುಸ್ತಕ ಬಂತು, ಕಂಪನಿಯಿಂದಲೇ ಜೋಡಿ ಹಾಕಿದ ಸೆಟ್ಟು ಡಬ್ಬಿಯಲ್ಲಿ ಬಂತು. ಒಳ್ಳೆಯದೇ. ಗೇಜು ಇದ್ದರೆ ಗೇಜು ಇಡಿ. ಅರಿಶಿನವೇ ಶ್ರೇಷ್ಠ ಎಂದು ನಾನೇನೂ ಹೇಳುವುದಿಲ್ಲ. ಮೂರು ದಿನ ಮನೆಯಲ್ಲಿ ಸಾರಿಗೆ ಅರಿಶಿನ ಇರಲಿಲ್ಲ, ಗಂಡ ಬೈದ. ಆದರೆ ಗೇಜು ಸರಿ ಎಂದರೂ ಒಮ್ಮೆ ಬಣ್ಣ ಹಚ್ಚಿ ನೋಡಿ.

ಭಾನುವಾರ ಬೆಳಿಗ್ಗೆ ಕಲ್ಮಲದ ಕ್ರಾಸಿನಲ್ಲಿ ಎರಡೂ ಕಾರು ನಿಂತವು. ಈಗ ಯೋಚಿಸಿದರೆ ತುಂಬಿದ ರಸ್ತೆಯಲ್ಲಿ ಅಂಥ ಪಂದ್ಯ ಕಟ್ಟಿದ್ದು ಶುದ್ಧ ಪೆದ್ದತನ. ನೀವು ಮಾಡಬೇಡಿ. ಶರಣಪ್ಪನ ಕಾರಿನಲ್ಲಿ ಅವನೂ ಅವನ ಮನೆಯ ಮೂವರೂ. ನಮ್ಮ ಕಾರಿನಲ್ಲಿ ವಕೀಲರು, ಮುಂದೆ ಗೌರಮ್ಮ, ಆಕ್ಸಲಿನ ಸದ್ದು ಕೇಳಲು ಹಿಂದೆ ನಾನು, ನನ್ನ ಪಕ್ಕ ತವರಿಗೆ ಒಯ್ಯುವ ಒಂದು ಚೀಲ ಮಾನ್ವಿಯ ಅಕ್ಕಿ. ಚೀಲ ಇಳಿಸಿರಿ ಎಂದು ವಕೀಲರು ಅಂಗಲಾಚಿದರು. ಗೌರಮ್ಮ ಇಳಿಸಲಿಲ್ಲ. "ನಾಲ್ಕನೇ ಮನುಷ್ಯ ಅದು," ಎಂದಳು.

ಬಿಟ್ಟ ತಕ್ಷಣ ನಮ್ಮ ಕಾರು ಹಗ್ಗ ಬಿಚ್ಚಿದ ಕರುವಿನಂತೆ ಜಿಗಿಯಿತು. ಶರಣಪ್ಪ ಹಿಂದೆ ಬಿದ್ದ. ಆಕ್ಸಲಿನಿಂದ ಒಂದು ಚೂರೂ ಸದ್ದಿಲ್ಲ.

ಗಬ್ಬೂರಿನ ಕಡೆ ಸ್ವಲ್ಪ ದೂರ ರಸ್ತೆ ನೆಟ್ಟಗಿದೆ. ಅಲ್ಲಿ ವಕೀಲರು ಮೀಟರ್ ನೋಡಿ ಕಾಲು ಸಡಿಲ ಮಾಡಿದರು. "ತೊಂಬತ್ತು ಆತು. ಮನಿ ಮಂದಿ ಕುಂತಾರ, ಇದಕ್ಕಿಂತ ಹೆಚ್ಚು ಬ್ಯಾಡ."

ಶರಣಪ್ಪ ಪೋಂ ಪೋಂ ಎನ್ನುತ್ತ, ಕೈ ಬೀಸುತ್ತ ನಮ್ಮನ್ನು ದಾಟಿ ಹೋದ.

ನನಗೆ ಏನೋ ಸರಿ ಕಾಣಲಿಲ್ಲ. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಮಣಿ ಎಣಿಸಿದೆ. ಮುಳ್ಳು ತೊಂಬತ್ತರಲ್ಲೇ ಇತ್ತು, ಮಣಿ ನಲವತ್ತಮೂರು ಆದವು. ಮತ್ತೊಮ್ಮೆ ಎಣಿಸಿದೆ. ನಲವತ್ತಮೂರು. ಆಗ ತಲೆಗೆ ಹೊಳೆಯಿತು. ಮೀಟರಿನ ತಂತಿ ಹೋಗುವುದು ಶಾಫ್ಟಿನ ಕಡೆಯಿಂದ. ನಾನು ಶಾಫ್ಟಿನ ಸುತ್ತು ಹೆಚ್ಚು ಮಾಡಿದ್ದೇನೆ. ಗಾಡಿ ಅಷ್ಟು ಓಡದಿದ್ದರೂ ಮುಳ್ಳು ಓಡಿದೆ ಎನ್ನುತ್ತದೆ. ಮೀಟರನ್ನು ಅದಕ್ಕೆ ತಕ್ಕಂತೆ ಬದಲಿಸಬೇಕಿತ್ತು, ಇಲ್ಲವೆ ವಕೀಲರಿಗೆ ಒಂದು ಮಾತು ಹೇಳಬೇಕಿತ್ತು. ಎರಡನ್ನೂ ಮರೆತಿದ್ದೆ. ಮೂರು ದಿನ ಅರಿಶಿನ ತಿಕ್ಕಿದ ಕೈ ಇಷ್ಟನ್ನು ಮರೆತಿತ್ತು.

"ವಕೀಲ್ ಸಾಹೇಬ್ರ, ಒತ್ರಿ. ಮುಳ್ಳು ಸುಳ್ಳು ಸಾಕ್ಷಿ ಹೇಳಾಕತ್ತದ."

"ಏನಂದಿ?"

"ಅದು ತೊಂಬತ್ತು ಅಲ್ಲ. ಎಂಬತ್ತೈದೂ ಇಲ್ಲ."

"ಬೂಬಮ್ಮ, ಮೀಟರ್ ಕಂಪನಿಯವರು ಮಾಡಿದ್ದು. ನಿನ್ನ ಮಾತಿಗೆ ಸಾಕ್ಷಿ ಯಾರು?"

"ರಸ್ತಾದ ಬದಿ ಕಲ್ಲು ನಿಂತಾವಲ್ರಿ, ಅವೇ ಸಾಕ್ಷಿ. ಅವಕ್ಕ ಸುಳ್ಳು ಹೇಳಾಕ ಬಾಯಿ ಇಲ್ಲ."

"ಕಲ್ಲು ಸರಿಯಾಗಿ ನೆಟ್ಟಾರ ಅಂತ ನಿನಗ ಹೆಂಗ ಗೊತ್ತು?"

ಓಡುವ ಕಾರಿನಲ್ಲಿ ಪಾಟೀ ಸವಾಲು ಶುರುವಾಯಿತು. ಶರಣಪ್ಪನ ಕಾರು ಧೂಳಿನಲ್ಲಿ ಚಿಕ್ಕದಾಗುತ್ತ ಹೋಯಿತು. ಗೌರಮ್ಮ ತಾಳ್ಮೆ ಕಳೆದುಕೊಂಡು ತನ್ನ ಕೈಯಲ್ಲಿದ್ದ ಮಂಡಕ್ಕಿಯ ಚೀಲವನ್ನು ಮೀಟರಿನ ಮುಂದೆ ಒತ್ತಿ ಹಿಡಿದಳು. "ಈಗ ನೋಡಬ್ಯಾಡ್ರಿ. ಓಡಿಸ್ರಿ."

ವಕೀಲರು ಓಡಿಸಿದರು.

ದೇವದುರ್ಗ ಹತ್ತಿರವಾದಾಗ ಕಲ್ಲುಗುಡ್ಡದ ಏರು. ಏರಿನ ನಡುವೆ ರಸ್ತೆ ತುಂಬ ಕುರಿ. ಶರಣಪ್ಪನ ಕಾರು ಅವುಗಳ ಹಿಂದೆ ನಿಂತು ಹಾರ್ನು ಹೊಡೆಯುತ್ತಿತ್ತು. ನಾವೂ ಹೋಗಿ ಪಕ್ಕದಲ್ಲಿ ನಿಂತೆವು. ಕಂಬಳಿ ಹೊದ್ದ ಕುರಿಗಾರ ತಿರುಗಿ ನೋಡಲೂ ಇಲ್ಲ.

ಶರಣಪ್ಪ ತಲೆ ಹೊರಹಾಕಿ ಕೂಗಿದ, "ಲೇ, ಸರಸೋ ಕುರಿನ್ನ! ಪಂದ್ಯಾ ನಡದದ!"

"ಕುರಿಗೆ ಹೇಳ್ರಿ ಯಪ್ಪಾ," ಎಂದ ಅವನು. "ಪಂದ್ಯಾ ಕಟ್ಟಿದಾಗ ಅವನ್ನ ಕೇಳಿಲ್ಲ ನೀವು."

ಕುರಿ ಸರಿದವು, ಅವಕ್ಕೆ ಸರಿಬಂದಾಗ. ಎರಡೂ ಕಾರು ಏರಿನಲ್ಲಿ ನಿಂತಲ್ಲಿಂದ ಏಳಬೇಕು. ಶರಣಪ್ಪನೂ ಸ್ಪೀಡಿನ ಹಲ್ಲು ಹಾಕಿಸಿಕೊಂಡವನೇ. ಅವನ ಕಾರು ಗುಕ್ ಎಂದು ನಿಂತಿತು, ಮತ್ತೆ ಚಾಲೂ ಆಯಿತು, ಮತ್ತೆ ಗುಕ್ ಎಂದಿತು. ಕ್ಲಚ್ಚಿನ ವಾಸನೆ ನಮ್ಮ ಕಾರಿಗೂ ಬಂತು. ನಮ್ಮದು ಮೂರು ಮಂದಿಯನ್ನೂ ಒಂದು ಚೀಲ ಅಕ್ಕಿಯನ್ನೂ ಹೊತ್ತು ಮೇಕೆಯಂತೆ ಏರು ಹತ್ತಿತು. ಬಸ್ ಸ್ಟ್ಯಾಂಡಿನಲ್ಲಿ ನಾವು ಇಳಿದು ಚಹಾ ಹೇಳಿದ ಮೇಲೆ ಅವನು ಬಂದ.

ರಾಯಚೂರಿಗೆ ಬಂದು ನಾನು ಚಾಚಾನಿಗೆ ಗೆದ್ದದ್ದನ್ನೂ ಹೇಳಿದೆ, ಮೀಟರ್ ಮರೆತದ್ದನ್ನೂ ಹೇಳಿದೆ. ಈ ಸೆಟ್ಟು ಹಾಕಿದರೆ ಕಾರು ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂದೂ ಹೇಳಿದೆ.

"ಗೆದ್ದೀದಿ ಅಂತ ಮರೆತದ್ದು ಹೇಳಾಕತ್ತೀದಿ," ಎಂದರು ಚಾಚಾ. "ಸೋತಿದ್ರ ಹೇಳ್ತಿದ್ದೇನು?"

"ಹೇಳ್ತಿದ್ದೆ. ಸ್ವಲ್ಪ ತಡ ಮಾಡಿ."

ಅವರು ನಗಲಿಲ್ಲ. "ಇಂಥಾದ್ದು ಮರೆಯಾಕಿಗೆ ಕಲ್ಲು ಕೊಡೋದು ಹೆಂಗ, ನೋಡೂಣು," ಎಂದು ಎದ್ದು ಹೋದರು. ಮಾತು ಕೊಟ್ಟಿದ್ದರಲ್ಲ ಎಂದು ನಾನು ಜಗಳ ತೆಗೆಯಲಿಲ್ಲ. ತಪ್ಪು ನನ್ನದೂ ಇತ್ತು. ಒಂದು ವಾರ ತೊಳೆದೆ.

ಆಮೇಲೆ ಶರಣಪ್ಪ ಬಂದ. ಮೀಸೆ ಇಲ್ಲದ ಅವನನ್ನು ಮೊದಲು ಗುರುತೇ ಹಿಡಿಯಲಿಲ್ಲ. ಸೀದಾ ಚಾಚಾನ ಹತ್ತಿರ ಹೋಗಿ, "ನಮ್ಮ ಮಾವಗ ಹಾಕಿದ್ದನ್ನೇ ನನಗೂ ಹಾಕ್ರಿ. ಇವತ್ತೇ ಹಾಕ್ರಿ," ಎಂದ. ಚಾಚಾ ಆಗಲೇ ಪಾನಾ ಕೈಗೆ ತೆಗೆದುಕೊಂಡಿದ್ದರು.

ನಾನು ಎದ್ದು ನಿಂತು ಕೇಳಿದೆ, "ಸಾವ್ಕಾರ್ರ, ದಿನಾ ಕಾರು ಎಲ್ಲಿಗೆ ಒಯ್ತೀರಿ?"

"ಯಾಕ?"

"ಹೇಳ್ರಿ."

"ಮನಿಯಿಂದ ಗಿರಣಿಗೆ. ಗಿರಣಿಯಿಂದ ಮನಿಗೆ."

"ಎಷ್ಟು ದೂರ?"

ಅವನು ಆ ಕಡೆ ಈ ಕಡೆ ನೋಡಿದ. "ಒಂದೂವರಿ ಕಿಲೋಮೀಟರ್ ಆಗ್ತದೇನು."

"ಏರು?"

"ಏರು ಎಲ್ಲಿ ಅದ? ಒಂದು ಚರಂಡಿ ಅದ."

"ಹಂಗಾರ ಕಂಪನಿಯವರು ಹಾಕಿದ್ದ ಹಳೀ ಸೆಟ್ಟು ತಿರುಗಿ ಹಾಕಿಸ್ಕೊಳ್ರಿ. ಮನ್ಯಾಗ ಇದ್ರ ತರ್ರಿ, ಹಾಕಿ ಕೊಡ್ತೀನಿ. ಹೊಸಾದು ಏನೂ ಬ್ಯಾಡ. ಟಯರಿಗೆ ಗಾಳಿ ಕಡಿಮಿ ಅದ, ತುಂಬಿಸ್ಕೊಂಡು ಹೋಗ್ರಿ."

ಶರಣಪ್ಪನ ಮುಖ ಕೆಂಪಾಯಿತು. ಚಾಚಾನ ಕಡೆ ತಿರುಗಿದ. "ಏನ್ ಚಾಚಾ ಇದು? ಬಂದ ಗಿರಾಕಿನ್ನ ಗಾಳಿ ತುಂಬಿಸ್ಕೊಂಡು ಹೋಗು ಅಂತಾಳಲ್ಲ ಈಕಿ! ಮಾಲಕ ನೀವೋ, ಆಕಿಯೋ?"

ಚಾಚಾ ನನ್ನನ್ನು ನೋಡಿದರು. ಸಾಯುವತನಕ ತೊಳೆಯುವುದೇ ಗತಿ ಎಂದುಕೊಂಡೆ. ಅವರು ಪಾನಾ ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

"ಹಲ್ಲಿನ ಮಾತು ನನ್ನ ಯಾಕ ಕೇಳ್ತೀರಿ ಸಾವ್ಕಾರ್ರ?" ಎಂದರು. "ಆ ಕಲ್ಲಿನ ಮುಂದ ಕುಂತಾಕಿನ್ನ ಕೇಳ್ರಿ."

ನಾನು ಆಗ ಕುಳಿತಿರಲಿಲ್ಲ, ಸೀಮೆಎಣ್ಣೆಯ ಡಬ್ಬಿಯ ಪಕ್ಕ ನಿಂತಿದ್ದೆ. ಹೋಗಿ ಕುಳಿತೆ.